ಕೊಡ ಹೊತ್ತವರ ಮೇಳ

ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ಕಡೆಗೆ ಹೊರಟರೆ ತುಂಗಭದ್ರಾ ಹಿನ್ನೀರಿನ ಆಸುಪಾಸಿನಲ್ಲಿ ಮರಿಯಮ್ಮನಹಳ್ಳಿ ಸಿಗುತ್ತದೆ. ಕಂಪನಿ ನಾಟಕಗಳ ಕಾಲದಿಂದಲೂ ರಂಗ ಕಲಾವಿದರ ಊರೆಂದು ಹೆಸರಾದ ಜಾಗ. ಬಣ್ಣ ಹಚ್ಚಿಕೊಂಡು ಬದುಕುವವರನ್ನು ಕಂಡು ಹುಬ್ಬೇರಿಸದ ಇಂಥ ಊರಿನಲ್ಲಿ ಜೋಗತಿಯರ ಮೇಳವೊಂದು ಬೇರು ಬಿಟ್ಟದ್ದು ಬರೀ ಆಕಸ್ಮಿಕ ಇರಲಾರದು. ಮಂಜಮ್ಮ ಜೋಗತಿ ಇರುವುದು ಇಲ್ಲಿಯೇ. ಮನೆ ಮನೆ ಮುಂದೆ ಜೋಗಕ್ಕೆ ನಿಲ್ಲುತ್ತಿದ್ದವರ ಕುಣಿತವನ್ನು ರಾಜ್ಯದ ದೊಡ್ಡ ದೊಡ್ಡ ವೇದಿಕೆಗಳಿಗೆ ಹತ್ತಿಸಿದ್ದು ಅವರು ಮುನ್ನಡೆಸಿದ ಮೇಳ.

ಜೋಗತಿ ನೃತ್ಯದಲ್ಲಿ ನೋಡುವವರ ಕಣ್ಣು ಮೊದಲು ಹೋಗುವುದು ಕೊಡದ ಮೇಲೆ. ಹಿತ್ತಾಳೆಯದೋ ತಾಮ್ರದ್ದೋ ಕೊಡ. ಅದರ ಮೇಲೆ ಎಲ್ಲಮ್ಮನ ಮುಖ, ಸುತ್ತ ನವಿಲುಗರಿ, ಹೂವು, ಬೇವಿನ ಸೊಪ್ಪು, ಉಡಿಸಿದ ಸೀರೆ. ಇಷ್ಟು ಭಾರವನ್ನು ತಲೆಯ ಮೇಲಿಟ್ಟುಕೊಂಡು, ಕೈಯಿಂದ ಒಮ್ಮೆಯೂ ಮುಟ್ಟದೆ, ಕುಣಿಯುವವರು ಸುತ್ತುತ್ತಾರೆ, ಕೂರುತ್ತಾರೆ, ಬೆನ್ನು ಬಾಗಿಸುತ್ತಾರೆ, ನೆಲಕ್ಕೆ ಬಿದ್ದ ನೋಟನ್ನು ಬಾಯಿಯಿಂದ ಎತ್ತುತ್ತಾರೆ. ಕೊರಳು ಮಾತ್ರ ಅಲುಗುವುದಿಲ್ಲ. ಸೊಂಟದಿಂದ ಕೆಳಗೆ ಒಂದು ಕುಣಿತ, ಹೆಗಲಿನಿಂದ ಮೇಲೆ ಒಂದು ತಪಸ್ಸು.

ಈ ಕೊಡಕ್ಕೆ ಒಂದು ಕಥೆಯಿದೆ, ಕಥೆ ಗೊತ್ತಿಲ್ಲದೆ ನೋಡಿದರೆ ಕುಣಿತ ಅರ್ಧವೇ ಕಂಡಂತೆ. ಜಮದಗ್ನಿಯ ಹೆಂಡತಿ ರೇಣುಕೆಯೇ ಈ ಎಲ್ಲಮ್ಮ. ಆಕೆ ದಿನಾ ಮಲಪ್ರಭೆಗೆ ಹೋಗಿ, ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬೆಯಾಗಿ ಸುತ್ತಿ ತಲೆಯ ಮೇಲಿಟ್ಟು ನೀರು ತರುತ್ತಿದ್ದಳಂತೆ. ಒಂದು ದಿನ ನೀರಾಟ ಆಡುತ್ತಿದ್ದವರನ್ನು ಕಂಡು ಚಿತ್ತ ಚಂಚಲವಾಯಿತು. ಮರಳು ಕೊಡವಾಗಲಿಲ್ಲ, ಹಾವು ಸಿಂಬೆಯಾಗಲಿಲ್ಲ. ತಾಯಿಯ ತಲೆ ಕಡಿಯಿರೆಂದು ಗಂಡ ಮಕ್ಕಳಿಗೆ ಹೇಳಿದ. ಹಿರಿಯರು ಒಲ್ಲೆವೆಂದು ಶಾಪಕ್ಕೆ ಗುರಿಯಾಗಿ ಗಂಡಸುತನ ಕಳೆದುಕೊಂಡರು, ಕಿರಿಯ ಪರಶುರಾಮ ಕಡಿದ. ಗಂಡಾಗಿ ಹುಟ್ಟಿ ಜೋಗತಿಯಾದ ಜೋಗಪ್ಪಗಳು ತಮ್ಮ ಮೂಲವನ್ನು ಒಯ್ದು ಮುಟ್ಟಿಸುವುದು ಆ ಶಾಪಗ್ರಸ್ತ ಮಕ್ಕಳಿಗೆ, ತಾಯಿಯ ಮೇಲೆ ಕೈಯೆತ್ತದವರಿಗೆ. ಹಾಗೆ ನೋಡಿದರೆ ತಾಯಿಯ ತಲೆಯ ಮೇಲೆ ನಿಲ್ಲದ ಕೊಡವನ್ನು ಆ ಮಕ್ಕಳು ಇವತ್ತಿಗೂ ಬೀಳದಂತೆ ಹೊತ್ತಿದ್ದಾರೆ.

ಹೆಣ್ಣಿನ ನಡೆ, ಹೆಣ್ಣಿನ ಮನಸ್ಸು ತಮ್ಮದೆಂದು ಕಂಡುಕೊಂಡ ಹುಡುಗರ ಮೇಲೆ ಎಲ್ಲಮ್ಮ ಬಂದಿದ್ದಾಳೆ ಎಂಬುದು ಉತ್ತರ ಕರ್ನಾಟಕದ ನಂಬಿಕೆ. ಅಂಥವರಿಗೆ ಮುತ್ತು ಕಟ್ಟಿಸಿ ದೇವಿಗೆ ಬಿಡುತ್ತಾರೆ. ಆಮೇಲೆ ಸೀರೆ, ಬಳೆ, ಭಂಡಾರ, ಕೈಯಲ್ಲಿ ಪಡಲಗಿ. ಕುರುಗೋಡು ಸೀಮೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಮಂಜಮ್ಮನಿಗೆ ಹದಿಹರೆಯದಲ್ಲಿ ಮುತ್ತು ಕಟ್ಟಿದ್ದು ಹೊಸಪೇಟೆಯ ಆಚೆ ದಡದ ಹುಲಿಗಿಯಲ್ಲಿ, ಹುಲಿಗೆಮ್ಮನ ಸನ್ನಿಧಿಯಲ್ಲಿ. ನಂತರದ ವರ್ಷಗಳು ಕಷ್ಟದವು: ಮನೆ ಬಿಟ್ಟದ್ದು, ವಿಷ ಕುಡಿದು ಬದುಕಿದ್ದು, ಭಿಕ್ಷೆ ಬೇಡಿದ್ದು. ಇದನ್ನೆಲ್ಲ ಅವರು ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ‘ನಡುವೆ ಸುಳಿವ ಹೆಣ್ಣು’ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಕಲೆ ಅವರಿಗೆ ಸಿಕ್ಕಿದ್ದು ದಾವಣಗೆರೆಯ ಬಸ್ ನಿಲ್ದಾಣದಲ್ಲಿ. ಅಲ್ಲಿ ಒಬ್ಬ ತಂದೆ ಹಾಡುತ್ತಿದ್ದ, ಅವನ ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ನೋಡುತ್ತ ನಿಂತ ಮಂಜಮ್ಮ ಆ ವಿದ್ಯೆಯನ್ನು ಅವರಿಂದಲೇ ಕಲಿತರು. ಮುಂದೆ ಕಾಳವ್ವ ಜೋಗತಿಯ ಪರಿಚಯವಾಯಿತು, ಅವರ ಮೇಳ ಸೇರಿದರು. ಕಾಳವ್ವ ಅವರಿಗೆ ಗುರು. ಗುರುವಿನ ನಂತರ ಮೇಳದ ಹೊಣೆ ಶಿಷ್ಯೆಯ ಹೆಗಲಿಗೆ ಬಂತು. ಹೀಗೆ ಗುರುವಿನಿಂದ ಶಿಷ್ಯೆಗೆ ದಾಟುವ ಕಲೆ ಇದು. ಜೋಗತಿಯರಲ್ಲಿ ಹಿರಿಯರು ಕಿರಿಯರನ್ನು ಮಕ್ಕಳಂತೆ ಇಟ್ಟುಕೊಂಡು ಹಾಡು, ಕಥೆ, ಕುಣಿತ, ನಡಾವಳಿ ಎಲ್ಲವನ್ನೂ ಕಲಿಸುತ್ತಾರೆ.

ಮೇಳದ ವಾದ್ಯಗಳಲ್ಲಿ ಮುಖ್ಯವಾದದ್ದು ಚೌಡಿಕೆ. ಒಳಗೆ ಟೊಳ್ಳಾದ ಕೊಳಗದಂಥ ಆಕಾರ, ಕೆಳಗಿನ ಬಾಯಿಗೆ ಬಿಗಿದ ಚರ್ಮ, ಆ ಚರ್ಮದಿಂದ ಹೊರಟು ಪಕ್ಕದ ಕೋಲಿಗೆ ಸೇರುವ ಒಂದೇ ತಂತಿ. ಕಂಕುಳಲ್ಲಿ ಅವುಚಿಕೊಂಡು ತಂತಿಯನ್ನು ಬಿಗಿ ಮಾಡುತ್ತ, ಸಡಿಲ ಬಿಡುತ್ತ ಕಡ್ಡಿಯಿಂದ ಮೀಟುತ್ತಾರೆ. ತಂತಿಯಿಂದ ಸ್ವರ, ಚರ್ಮದಿಂದ ಪೆಟ್ಟು ಎರಡೂ ಒಟ್ಟಿಗೇ ಹೊರಡುತ್ತವೆ. ಜೊತೆಗೆ ಶ್ರುತಿ ಹಿಡಿಯುವ ತುಂತುಣಿ, ತಾಳ. ಅಷ್ಟೇ. ಇಷ್ಟರಲ್ಲೇ ಇಡೀ ಎಲ್ಲಮ್ಮನ ಕಥೆ ನಡೆಯುತ್ತದೆ. ಒಬ್ಬರು ಹಾಡುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ, ನಡುವೆ ‘ಉಧೋ ಉಧೋ’ ಎದ್ದು ಬರುತ್ತದೆ. ಹಳ್ಳಿಗಳಲ್ಲಿ ರೇಣುಕೆ, ಜಮದಗ್ನಿ, ಪರಶುರಾಮ, ಕಾರ್ತವೀರ್ಯರ ಪಾತ್ರ ಕಟ್ಟಿ ರಾತ್ರಿಯೆಲ್ಲ ಎಲ್ಲಮ್ಮನಾಟ ಆಡುವುದುಂಟು. ಅಲ್ಲಿ ಹಾಸ್ಯವೂ ಬೈಗುಳವೂ ಧಾರಾಳ.

ವೇದಿಕೆಗೆ ಬಂದಾಗ ಈ ರಾತ್ರಿ ಕೆಲವೇ ನಿಮಿಷಗಳಿಗೆ ಇಳಿಯುತ್ತದೆ. ಸರ್ಕಾರಿ ಉತ್ಸವದಲ್ಲಿ ಒಂದು ತಂಡಕ್ಕೆ ಸಿಗುವ ಸಮಯ ಅಷ್ಟೇ. ಕಥೆ ಹಿಂದೆ ಸರಿದು ಕಸರತ್ತು ಮುಂದೆ ಬರುತ್ತದೆ. ಚಪ್ಪಾಳೆ ಬೀಳುವುದೂ ಅದಕ್ಕೇ. ಇದು ನಷ್ಟವೇ, ಸಂದೇಹವಿಲ್ಲ. ಆದರೆ ‘ಮೂಲ ಸೊಗಡು ಹೋಯಿತು’ ಎಂದು ಮರುಗುವವರಲ್ಲಿ ಎಷ್ಟು ಮಂದಿ ಜೋಗತಿಯನ್ನು ತಮ್ಮ ಮನೆಯ ಕಟ್ಟೆ ಹತ್ತಲು ಬಿಟ್ಟಿದ್ದರು ಎಂದೂ ಕೇಳಬೇಕು. ಅಂಗಳದಲ್ಲಿ ಸಿಗುತ್ತಿದ್ದುದು ಭಯ ಬೆರೆತ ಜೋಳ, ಅಕ್ಕಿ. ಜೋಗತಿ ಶಪಿಸಿದರೆ ಕೇಡೆಂದು ಮೊರಕ್ಕೆ ಸುರಿದು ಬಾಗಿಲು ಹಾಕಿಕೊಳ್ಳುತ್ತಿದ್ದರು. ವೇದಿಕೆಯಲ್ಲಿ ಸಂಭಾವನೆಯಿದೆ, ಕರಪತ್ರದಲ್ಲಿ ಹೆಸರಿದೆ, ‘ಕಲಾವಿದೆ’ ಎಂಬ ಕರೆಯಿದೆ.

ಕುಣಿತಕ್ಕೆ ಸಿಗುವ ಮಾನದ ಈ ಮಾತಿಗೆ ಹಂಪಿಯ ನೆಲದಲ್ಲಿ ಬೇರೆಯೇ ತೂಕ. ಮಹಾನವಮಿ ದಿಬ್ಬದ ಕಲ್ಲಿನಲ್ಲಿ, ಹಜಾರರಾಮ ಗುಡಿಯ ಗೋಡೆಯಲ್ಲಿ ಕುಣಿಯುವವರ ಸಾಲುಗಳಿವೆ. ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅರಮನೆಯ ನಾಟ್ಯಶಾಲೆಯಲ್ಲಿ ಪ್ರತಿ ಕುಣಿತದ ಕೊನೆಯ ಭಂಗಿಯನ್ನು ಕೆತ್ತಿಟ್ಟಿದ್ದರೆಂದೂ, ಮರೆತವರು ಅದನ್ನು ನೋಡಿ ನೆನಪಿಸಿಕೊಳ್ಳುತ್ತಿದ್ದರೆಂದೂ ಬರೆದಿದ್ದಾನೆ. ಜೋಗತಿಯರಿಗೆ ಅಂಥ ಗೋಡೆ ಇರಲಿಲ್ಲ. ಅವರ ಕುಣಿತ ಉಳಿದದ್ದು ಮೈಯಿಂದ ಮೈಗೆ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನ ಬುರ್‍ರಕಥೆಯೂ ಹಾಗೆಯೇ ಉಳಿದು ಬಂದದ್ದು. ಓದು ಬರಹ ಬಾರದ, ಅಲೆಮಾರಿ ಬುಡ್ಗಜಂಗಮ ಸಮುದಾಯದ ಆ ತಾಯಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ನೀಡಿತು. 2014ರಲ್ಲಿ ಆಕೆ ತೀರಿಕೊಂಡರು.

ಮಂಜಮ್ಮನಿಗೆ 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರೊಬ್ಬರು ಕೂತದ್ದು ಅದೇ ಮೊದಲು. 2021ರಲ್ಲಿ ಪದ್ಮಶ್ರೀ. ಆ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಪಡೆಯುವಾಗ ಅವರು ರಾಮನಾಥ್ ಕೋವಿಂದ್ ಅವರಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ದರ್ಬಾರ್ ಹಾಲ್ ಒಂದು ಕ್ಷಣ ಉತ್ತರ ಕರ್ನಾಟಕದ ಅಂಗಳವಾಯಿತು.

ಈ ಪರಂಪರೆಯನ್ನು ಕೊಂಡಾಡುವಾಗ ಮರೆಯಬಾರದ ಒಂದು ಸಂಗತಿಯಿದೆ. ಎಲ್ಲಮ್ಮನ ಹೆಸರಿನಲ್ಲೇ ಎಷ್ಟೋ ಬಡ ಹೆಣ್ಣುಮಕ್ಕಳಿಗೆ, ಹೆಚ್ಚಾಗಿ ದಲಿತ ಕೇರಿಗಳವರಿಗೆ, ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಲಾಯಿತು. ಕರ್ನಾಟಕ 1982ರಲ್ಲಿ ಕಾನೂನು ಮಾಡಿ ಅದನ್ನು ನಿಷೇಧಿಸಿತು. ಕುಣಿತ ಬೇಕು, ಆ ಪದ್ಧತಿ ಬೇಡ ಎನ್ನುವುದು ಹೇಳಲು ಸುಲಭ; ಎರಡರ ಬೇರುಗಳೂ ಎಲ್ಲಮ್ಮನ ಒಂದೇ ಗುಡ್ಡದಲ್ಲಿವೆ. ಕಲೆಯನ್ನು ಹರಕೆಯಿಂದ ಬಿಡಿಸಿ ಕಲಿಕೆಯ ಕಡೆಗೆ ತರುವುದರಲ್ಲಿ ವೇದಿಕೆಯ ಪಾತ್ರ ಇದೆ ಎಂದು ಒಪ್ಪಬೇಕಾಗುತ್ತದೆ. ಈಗ ಯುವಜನೋತ್ಸವಗಳಲ್ಲಿ ಕಾಲೇಜಿನ ಹುಡುಗ ಹುಡುಗಿಯರೂ ಕೊಡ ಹೊತ್ತು ಕುಣಿಯುತ್ತಾರೆ. ಅವರಿಗೆ ಯಾರೂ ಮುತ್ತು ಕಟ್ಟಿಲ್ಲ. ಇನ್ನೊಂದು ಕಡೆ ಕರ್ನಾಟಕ ಸಂಗೀತದ ಟಿ.ಎಂ. ಕೃಷ್ಣ ಜೋಗಪ್ಪಗಳ ಪಕ್ಕದಲ್ಲಿ ಕೂತು ಹಾಡಿದ್ದಾರೆ.

ನೋಡಬೇಕೆನ್ನುವವರಿಗೆ ದಾರಿ ಎರಡು. ವೇದಿಕೆಯ ಜಾನಪದ ಕುಣಿತಗಳಿಗೆ ಹಂಪಿ ಉತ್ಸವವಿದೆ, ರಾಜಕಾರಣಿ ಎಂ.ಪಿ. ಪ್ರಕಾಶ್ ಅವರ ಆಸಕ್ತಿಯಿಂದ ಬೆಳೆದ ಈ ಉತ್ಸವ ಹಿಂದೆ ನವೆಂಬರಿನಲ್ಲಿ ನಡೆಯುತ್ತಿತ್ತು, ಇತ್ತೀಚಿನ ವರ್ಷಗಳಲ್ಲಿ ಜನವರಿಯಿಂದ ಮಾರ್ಚ್ ಆರಂಭದ ನಡುವೆ ನಡೆದಿದೆ. ವೇದಿಕೆ, ಮೈಕು, ನಿಮಿಷದ ಲೆಕ್ಕ ಯಾವುದೂ ಇಲ್ಲದ ಕುಣಿತ ಬೇಕಾದರೆ ಹುಣ್ಣಿಮೆಯ ದಿನ ಹುಲಿಗಿಗೆ ಹೋಗಬೇಕು. ಹೊಸಪೇಟೆಯಿಂದ ಹೊಳೆ ದಾಟಿದರೆ ಮುನಿರಾಬಾದ್, ಅದರ ಪಕ್ಕದಲ್ಲೇ ಗುಡಿ. ಜನಸಂದಣಿ ವಿಪರೀತ, ಬೇಗ ಹೊರಡುವುದು ಒಳ್ಳೆಯದು.