ಎರಡು ಸಲ ಓದಿದ ಸಾಲು

ತೀರ್ಥಹಳ್ಳಿ ಕಡೆಯ ಒಂದು ಹೆಂಚಿನ ಮನೆ ಎಂದುಕೊಳ್ಳಿ. ಕಣ್ಣು ಮಂಜಾದ ಅಜ್ಜಿಗೆ ಕೇಳಿಸಲೆಂದು ಮೊಮ್ಮಗಳು ‘ಮಲೆಗಳಲ್ಲಿ ಮದುಮಗಳು’ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದಾಳೆ. 1967ರಲ್ಲಿ ಬಂದ ಕುವೆಂಪು ಅವರ ಆ ದೊಡ್ಡ ಕಾದಂಬರಿಯನ್ನು ಓದುವಾಗ ನಾಲಿಗೆ ತೊಡರುವುದು ಸಹಜ. ತೊಡರಿದಾಗ ಆಕೆ ರೆಕಾರ್ಡಿಂಗ್ ನಿಲ್ಲಿಸುವುದಿಲ್ಲ, ಅದೇ ವಾಕ್ಯವನ್ನು ಇನ್ನೊಮ್ಮೆ ಓದುತ್ತಾಳೆ. ಹೀಗೆ ಒಂದೊಂದು ಸಲ ಓದಿದ್ದೂ ಒಂದೊಂದು ಟೇಕ್. ಬೇಡದ ಟೇಕುಗಳನ್ನು ಹುಡುಕಿ ಕತ್ತರಿಸುವ ಕೆಲಸವನ್ನು ಈಗ ತಂತ್ರಾಂಶವೇ ಮಾಡಿಕೊಡುತ್ತದೆ.

ಅದು ಮೊದಲು ದನಿಯನ್ನು ಬರಹಕ್ಕಿಳಿಸಿ, ಯಾವ ಪದ ಎಷ್ಟನೇ ಸೆಕೆಂಡಿನಲ್ಲಿ ಬಂತೆಂದು ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಅಕ್ಕಪಕ್ಕದ ಸಾಲುಗಳನ್ನು ಹೋಲಿಸುತ್ತದೆ. ಒಂದು ಸಾಲು ಇನ್ನೊಂದಾಗಲು ಎಷ್ಟು ಅಕ್ಷರ ಸೇರಬೇಕು, ಬಿಡಬೇಕು, ಬದಲಾಗಬೇಕು ಎಂದು ಎಣಿಸುವ ಕ್ರಮವನ್ನು ರಷ್ಯಾದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲೇ ಕೊಟ್ಟಿದ್ದಾರೆ. ಎಣಿಕೆ ಚಿಕ್ಕದಾದಷ್ಟೂ ಎರಡೂ ಒಂದೇ ವಾಕ್ಯವಾಗಿರುವ ಸಂಭವ ಹೆಚ್ಚು. ಆಗ ಸಾಮಾನ್ಯವಾಗಿ ಕೊನೆಯ ಟೇಕನ್ನು ಉಳಿಸಿ ಹಿಂದಿನವನ್ನು ತೆಗೆದುಹಾಕುವುದು ರೂಢಿ.

ಈ ರೂಢಿ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಎರಡನೇ ಸಲ ಓದುವಾಗ ತಪ್ಪಬಾರದೆಂಬ ಎಚ್ಚರ ದನಿಯನ್ನು ಬಿಗಿಮಾಡುತ್ತದೆ. ಮೊದಲ ಸಲದ ಬಿಸುಪು ಎಷ್ಟೋ ಬಾರಿ ಮತ್ತೆ ಬರುವುದಿಲ್ಲ.

ಕನ್ನಡದಲ್ಲಂತೂ ಮರುಕಳಿಸಿದ ಮಾತೆಲ್ಲ ತಪ್ಪಲ್ಲ. ‘ಬಿದ್ದು ಬಿದ್ದು ನಕ್ಕಳು’ ಎಂಬಲ್ಲಿ ಇರುವುದು ದ್ವಿರುಕ್ತಿ. ಒಂದು ‘ಬಿದ್ದು’ ಕತ್ತರಿಸಿದರೆ ನಗುತ್ತಿದ್ದವಳು ನೆಲಕ್ಕೆ ಬೀಳುತ್ತಾಳೆ! ಸಾಗರ, ಹೊಸನಗರದ ಕಡೆ ಮಳೆಗಾಲದಲ್ಲಿ ನಡೆಯುವ ತಾಳಮದ್ದಲೆಯನ್ನು ಇದೇ ತಂತ್ರಾಂಶಕ್ಕೆ ಒಪ್ಪಿಸಿದರೆ, ಭಾಗವತರು ಎತ್ತಿ ಎತ್ತಿ ಹಾಡಿದ ಪಲ್ಲವಿಗೇ ಕತ್ತರಿ ಬಿದ್ದೀತು. ಇದಕ್ಕೆ ತಿರುಗುಮುರುಗಾದ ತೊಂದರೆಯೂ ಉಂಟು. ಅಚ್ಚಿನ ಕನ್ನಡಕ್ಕೆ ಪಳಗಿದ ತಂತ್ರಾಂಶ ಒಂದೇ ಆಡುಮಾತನ್ನು ಒಮ್ಮೆ ‘ಹ್ಯಾಂಗೆ’, ಇನ್ನೊಮ್ಮೆ ‘ಹೇಗೆ’ ಎಂದು ಬರೆದುಕೊಂಡು, ಇಂಥ ವ್ಯತ್ಯಾಸಗಳು ಸಾಲಿನಲ್ಲಿ ಹೆಚ್ಚಾದರೆ ಇವು ಬೇರೆ ಬೇರೆ ಸಾಲುಗಳೆಂದು ಎರಡನ್ನೂ ಉಳಿಸಿಬಿಡಬಹುದು.

ಇನ್ನು ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲಿನದೂ ಅಂಥದೇ ಮಳೆ. ಮೊದಲ ಟೇಕಿನಲ್ಲಿ ಜೀರುಂಡೆ, ಮೂರನೆಯದರಲ್ಲಿ ಹೆಂಚಿನ ಮೇಲೆ ಜಡಿಮಳೆ. ಬರಹ ಒಂದೇ ಆದದ್ದರಿಂದ ತಂತ್ರಾಂಶ ಮೂರನೆಯದನ್ನೇ ಉಳಿಸಿ ಹಿಂದಿನ ವಾಕ್ಯಕ್ಕೆ ಹಾಯಾಗಿ ಜೋಡಿಸುತ್ತದೆ. ಕೇಳುವ ಅಜ್ಜಿಗೆ ಮಾತ್ರ ವಾಕ್ಯ ದಾಟುತ್ತಲೇ ಫಕ್ಕನೆ ಮಳೆ ಸುರಿಯುತ್ತದೆ. ಹಾಗಾಗಿ ಮಳೆಯ ಸದ್ದು ಬದಲಾದರೆ ಒಂದು ಸಾಲಲ್ಲ, ಇಡೀ ಪ್ಯಾರಾವನ್ನೇ ಮತ್ತೆ ಓದುವುದು ಲೇಸು.

ನೀವೂ ಹೀಗೆ ಓದಿ ರೆಕಾರ್ಡ್ ಮಾಡುವುದಾದರೆ, ತಪ್ಪಿದ ಕೂಡಲೇ ಒಂದು ಚಪ್ಪಾಳೆ ತಟ್ಟಿ, ವಾಕ್ಯದ ಮೊದಲಿನಿಂದ ಶುರುಮಾಡಿ. ಪರದೆಯ ಮೇಲೆ ಕಾಣುವ ದನಿಯ ಅಲೆಯಲ್ಲಿ ಆ ಚಪ್ಪಾಳೆ ಮೊಳೆಯಂತೆ ಎದ್ದು ಕಾಣುತ್ತದೆ. ತಂತ್ರಾಂಶಕ್ಕೆ ಅಳಿಸುವ ಬದಲು ಗುರುತು ಮಾತ್ರ ಹಾಕಲು ಹೇಳಿ, ಮೂಲ ಕಡತವನ್ನು ಬೇರೆ ಎತ್ತಿಡಿ. ಗುರುತು ಬಿದ್ದ ಟೇಕುಗಳನ್ನು ಕಣ್ಣು ಮುಚ್ಚಿ ಕೇಳಿ, ಯಾವುದು ಉಳಿಯಬೇಕೆಂದು ನೀವೇ ಆರಿಸಿ.