ಎರಡು ಮನೆಗಳ ನಡುವಣ ಬಾಡಿಗೆ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮನೆ ಮಾರಿ ನೋಡು ಎಂಬ ಮೂರನೆಯ ಮಾತನ್ನು ಅವರು ಸೇರಿಸದೆ ಬಿಟ್ಟದ್ದು, ಬಹುಶಃ ಆ ಕಾಲದಲ್ಲಿ ಹುಟ್ಟಿದ ಮನೆಯನ್ನು ಮಾರುವ ಪ್ರಸಂಗವೇ ವಿರಳವಾಗಿದ್ದುದರಿಂದ ಇರಬಹುದು. ಇಂದು ಹಾಗಿಲ್ಲ. ಹನೂರಿನಿಂದ ರಾಮಾಪುರದ ಕಡೆಗೆ ಸಾಗುವ ಹಾದಿಯ ಅಜ್ಜೀಪುರದಲ್ಲಾಗಲಿ, ಅತ್ತ ಮಾರ್ಟಳ್ಳಿ, ಸಂದನಪಾಳ್ಯ, ಇತ್ತ ಕಾಮಗೆರೆಗಳಲ್ಲಾಗಲಿ, ಮಕ್ಕಳ ವಿದ್ಯಾಭ್ಯಾಸ, ದೂರದ ಉದ್ಯೋಗ, ವೃದ್ಧರ ಚಿಕಿತ್ಸೆ, ಸೋದರರ ಪಾಲು ಇತ್ಯಾದಿ ಕಾರಣಗಳಿಂದ ಹಳ್ಳಿಯ ಮನೆಯನ್ನು ಮಾರಿ ಕೊಳ್ಳೇಗಾಲಕ್ಕೋ ಮೈಸೂರಿಗೋ ಹೊರಡುವ ಕುಟುಂಬಗಳು ನಮ್ಮ ಸಮುದಾಯದಲ್ಲೂ ಇವೆ. ಇವರಲ್ಲಿ ಅನೇಕರು ಒಂದು ಮನೆಯಿಂದ ನೇರವಾಗಿ ಇನ್ನೊಂದಕ್ಕೆ ಕಾಲಿಡುವುದಿಲ್ಲ. ನಡುವೆ ಕೆಲವು ತಿಂಗಳು, ಕೆಲವೊಮ್ಮೆ ಕೆಲವು ವರ್ಷ, ಬಾಡಿಗೆಯ ಸೂರು ಬರುತ್ತದೆ. ಆ ನಡುಗಾಲದ ಬಗ್ಗೆ ಈ ವಾರ ಕೊಂಚ ವಿಚಾರ ಮಾಡೋಣ.

ಮಾರಿದ ಹಣ ಕೈಗೆ ಬಂದಲ್ಲದೆ ಕೊಳ್ಳುವ ಶಕ್ತಿ ನಮ್ಮಲ್ಲಿ ಬಹುಪಾಲು ಜನರಿಗೆ ಇಲ್ಲ. ನಮ್ಮ ಮನೆಯನ್ನು ಕೊಂಡವರಾದರೋ ನೋಂದಣಿಯ ದಿನವೇ ಬೀಗದ ಕೈ ಕೇಳುತ್ತಾರೆ. ಇತ್ತ ನಾವು ಮೆಚ್ಚಿದ ಮನೆಯ ಕಾಗದಪತ್ರಗಳು ಸಿದ್ಧವಾಗಿರುವುದಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಸ್ವತ್ತುಗಳಿಗೆ 2013ರಲ್ಲಿ ಇ-ಸ್ವತ್ತು ಪದ್ಧತಿ ಜಾರಿಗೆ ಬಂದ ಮೇಲೆ, ನಮೂನೆ 9 ಮತ್ತು 11 ಗಣಕಯಂತ್ರದಿಂದ ಹೊರಬರದ ಹೊರತು ಉಪನೋಂದಣಾಧಿಕಾರಿಗಳ ಮುಂದೆ ಕೆಲಸ ಸಾಗದು. ಪಟ್ಟಣಗಳಲ್ಲಿ ಇ-ಖಾತೆ ಬೇಕು. ಅಜ್ಜನ ಹೆಸರಿನಲ್ಲೇ ಉಳಿದ ಖಾತೆ, ಬಾಯಿಮಾತಿನಲ್ಲೇ ಮುಗಿದ ಪಾಲು, ಪರಿವರ್ತನೆಯಾಗದ ಜಮೀನಿನಲ್ಲಿ ಎದ್ದುನಿಂತ ಮನೆ, ಇವುಗಳಲ್ಲಿ ಯಾವುದೊಂದು ಎದುರಾದರೂ ಎರಡು ತಿಂಗಳೆಂದು ಎಣಿಸಿದ್ದು ಹತ್ತು ತಿಂಗಳಾಗುತ್ತದೆ. ವಿಳಂಬಕ್ಕೆ ಬೆಲೆಯೂ ಉಂಟು. 2025ರ ಆಗಸ್ಟ್ 31ರಿಂದ ನಮ್ಮ ರಾಜ್ಯದಲ್ಲಿ ನೋಂದಣಿ ಶುಲ್ಕವು ಶೇ. 1ರಿಂದ ಶೇ. 2ಕ್ಕೆ ಏರಿತು. ಆ ಬೇಸಿಗೆಯಲ್ಲಿ ಮನೆ ಮಾರಿ, ಮಳೆಗಾಲ ಕಳೆದ ಮೇಲೆ 20 ಲಕ್ಷ ರೂಪಾಯಿಯ ಮನೆಯನ್ನು ಕೊಂಡವರು ಇದೊಂದರಿಂದಲೇ 20,000 ರೂಪಾಯಿ ಹೆಚ್ಚು ತೆತ್ತರು. ಆದುದರಿಂದ, ಕೊಳ್ಳಬೇಕೆಂದಿರುವ ಮನೆಯ ಖಾತೆಯನ್ನೂ ಋಣಭಾರ ಪತ್ರವನ್ನೂ, ನಮ್ಮ ಮನೆಯ ಕ್ರಯಕ್ಕೆ ಸಹಿ ಹಾಕುವುದಕ್ಕಿಂತ ಮುಂಚೆಯೇ ತರಿಸಿ ನೋಡುವುದು ಒಳಿತು. ಮನೆ ಮಾರಿ ಹಣ ಹಿಡಿದು ಕುಳಿತವನ ಅವಸರ ಎಂಥದೆಂದು ದಲ್ಲಾಳಿಗಳಿಗೆ ಚೆನ್ನಾಗಿ ಗೊತ್ತು.

ಹಲವರಿಗೆ ಹೊಳೆಯದ ಒಂದು ಮಾರ್ಗವೆಂದರೆ, ಮಾರಿದ ಮನೆಯಲ್ಲೇ ಕೆಲವು ತಿಂಗಳು ಬಾಡಿಗೆಗೆ ಉಳಿಯುವುದು. ಕೊಂಡವರು ಬೆಂಗಳೂರಿನಲ್ಲಿದ್ದು ಸದ್ಯಕ್ಕೆ ವಾಸಕ್ಕೆ ಬರುವವರಲ್ಲವಾದರೆ ಅವರಿಗೂ ಇದು ಅನುಕೂಲವೇ. ಹಳ್ಳಿಯ ಮನೆಯೆಂದರೆ ನಾಲ್ಕು ಗೋಡೆ ಮಾತ್ರವಲ್ಲವಷ್ಟೆ. ಎರಡು ಹಸು, ಹುಲ್ಲಿನ ಮೆದೆ, ರಾಗಿಯ ಚೀಲಗಳು, ಒರಳುಕಲ್ಲು, ಹಿತ್ತಿಲ ಕೋಳಿಗಳು, ಇವೆಲ್ಲಕ್ಕೂ ಪಟ್ಟಣದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಎಡೆಯೆಲ್ಲಿ? ಒಮ್ಮೆ ಸಾಗಿಸುವುದೇ ಕಷ್ಟ. ಎರಡು ಬಾರಿ ಸಾಗಿಸಿದರೆ ಅರ್ಧ ಸಾಮಾನು ಒಡೆದು, ಉಳಿದರ್ಧ ನೆಂಟರ ಅಟ್ಟ ಸೇರುತ್ತದೆ. ಆದರೆ ಈ ಏರ್ಪಾಡು ಕ್ರಯದ ಮಾತುಕತೆಯ ಸಮಯದಲ್ಲೇ ಆಗಬೇಕು. ಎಷ್ಟು ಬಾಡಿಗೆ, ಯಾವ ತಾರೀಖಿಗೆ ಖಾಲಿ ಎಂಬುದು ಕಾಗದದ ಮೇಲೆ ಇರಬೇಕು. ಕೊಂಡವರು ಸಂಕೋಚದಿಂದ ಬಾಡಿಗೆ ಬೇಡವೆಂದರೂ ಅಲ್ಪಸ್ವಲ್ಪವಾದರೂ ಕೊಟ್ಟು ರಸೀದಿ ಪಡೆಯುವುದು ಲೇಸು. ಪುಕ್ಕಟೆಯಾಗಿ ಉಳಿದವರ ಮೇಲೆ ಮೂರನೆಯ ತಿಂಗಳಿಗೇ ಮುನಿಸು ಹುಟ್ಟುವುದು ಲೋಕರೂಢಿ.

ಇನ್ನು ಪಟ್ಟಣಕ್ಕೆ ಹೋಗಿಯೇ ತೀರಬೇಕಾದವರ ಮುಂದೆ ಎರಡು ದಾರಿಗಳು ತೆರೆದುಕೊಳ್ಳುತ್ತವೆ: ತಿಂಗಳ ಬಾಡಿಗೆ ಅಥವಾ ಭೋಗ್ಯ. ಭೋಗ್ಯವೆಂದರೆ ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಒಂದು ದೊಡ್ಡ ಮೊತ್ತವನ್ನು ಮಾಲೀಕರ ಕೈಗಿಟ್ಟು, ಬಾಡಿಗೆಯಿಲ್ಲದೆ ವಾಸವಿದ್ದು, ಅವಧಿ ಮುಗಿದಾಗ ಅಷ್ಟೂ ಹಣವನ್ನು ಹಿಂಪಡೆಯುವುದು. ಗಡಿಯಾಚೆಯ ತಮಿಳಿನಲ್ಲಿ ಇದಕ್ಕೆ ‘ಒತ್ತಿ’ ಎನ್ನುತ್ತಾರೆ. ಮನೆ ಮಾರಿದ ಹಣ ಕೈಯಲ್ಲಿರುವವರಿಗೆ ಇದಕ್ಕಿಂತ ಆಕರ್ಷಕವಾದುದು ಬೇರೊಂದಿಲ್ಲ. ‘ತಿಂಗಳು ತಿಂಗಳು ಬಾಡಿಗೆಯನ್ನು ನೀರಿಗೆ ಸುರಿಯುವುದೇಕೆ, ಹಣವೂ ಉಳಿಯಿತು, ಮನೆಯೂ ಸಿಕ್ಕಿತು’ ಎಂದು ಬಂಧುಗಳೂ ಹುರಿದುಂಬಿಸುತ್ತಾರೆ. ನಮ್ಮ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಬೇರೆಯವರಿಗೆ ಭೋಗ್ಯ ಒಪ್ಪಬಹುದು. ಎರಡು ಮನೆಗಳ ನಡುವೆ ನಿಂತವರಿಗೆ ಅದು ಒಪ್ಪುವುದಿಲ್ಲ.

ಲೆಕ್ಕವನ್ನೇ ಹಾಕೋಣ. ತಿಂಗಳಿಗೆ 5,000 ರೂಪಾಯಿಯ ಮನೆ ಎಂದಿಟ್ಟುಕೊಂಡರೆ 11 ತಿಂಗಳಿಗೆ 55,000 ಆಗುತ್ತದೆ. ಅದೇ ಮನೆಗೆ ಭೋಗ್ಯ 5 ಲಕ್ಷ ಎನ್ನೋಣ. ಆ 5 ಲಕ್ಷವನ್ನು ಬ್ಯಾಂಕಿನ ಠೇವಣಿಯಲ್ಲಿಟ್ಟು, ಶೇ. 6.5ರ ಬಡ್ಡಿ ಹಿಡಿದರೆ, 11 ತಿಂಗಳಿಗೆ ಸುಮಾರು 30,000 ಬರುತ್ತದೆ. ಅಂದರೆ ಭೋಗ್ಯದಿಂದಾಗುವ ನಿಜವಾದ ಉಳಿತಾಯ 55,000 ಅಲ್ಲ, ಸುಮಾರು 25,000 ಮಾತ್ರ. ಈ 25,000ದ ಆಸೆಗೆ ನಾವು ಪಣಕ್ಕಿಡುವುದು 5 ಲಕ್ಷವನ್ನು. ಅದೂ ಮುಂದಿನ ಮನೆಗೆಂದು ಮೀಸಲಾದ ಹಣವನ್ನು.

ಪಣವೆಂಬ ಮಾತು ಅತಿಶಯೋಕ್ತಿಯಲ್ಲ. ಭೋಗ್ಯಕ್ಕೆ ಕೊಡುವ ಮಾಲೀಕರು ಆ ಹಣವನ್ನು ಪೆಟ್ಟಿಗೆಯಲ್ಲಿಟ್ಟು ಕಾಯುವುದಿಲ್ಲ. ಮಗಳ ಮದುವೆಗೋ ಹಳೆಯ ಸಾಲಕ್ಕೋ ವಿನಿಯೋಗಿಸಿರುತ್ತಾರೆ. ಹಿಂದಿರುಗಿಸುವ ಹೊತ್ತಿಗೆ ಮತ್ತೊಬ್ಬ ಭೋಗ್ಯದಾರನನ್ನು ಹುಡುಕಿ, ಅವನಿಂದ ಪಡೆದು ನಮಗೆ ಕೊಡಬೇಕು. ನಮಗಾದರೋ ಅಂದೇ ಬೇಕು. ಒಳ್ಳೆಯ ಮನೆಯೊಂದು ದೊರೆತಿದೆ, ವಾರದೊಳಗೆ ಮುಂಗಡ ಕೊಡದಿದ್ದರೆ ಬೇರೆಯವರ ಪಾಲಾಗುತ್ತದೆ. ಹಣ ಮಾತ್ರ ಇನ್ನೊಬ್ಬರ ಗೋಡೆಯೊಳಗೆ ಸಿಕ್ಕಿಕೊಂಡಿದೆ. ಹೀಗೆ ಕೈತಪ್ಪಿದ ಮನೆಗಳ ಕಥೆಯನ್ನು ಯಾವ ಊರಿನಲ್ಲಿಯೂ ಕೇಳಬಹುದು. ಕಾನೂನಿನ ದೃಷ್ಟಿಯಿಂದಲೂ ನೋಡಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ ಸ್ವಾಧೀನ ಸಹಿತವಾದ ಭೋಗ್ಯವು ಒಂದು ಬಗೆಯ ಅಡಮಾನ. ಮೊತ್ತ 100 ರೂಪಾಯಿ ದಾಟಿದರೆ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಅದು ನೋಂದಣಿಯಾಗಲೇಬೇಕು. ನಮ್ಮಲ್ಲಿ ನಡೆಯುವುದೇನು? ಛಾಪಾ ಕಾಗದದ ಮೇಲೆ ನಾಲ್ಕು ಸಾಲು ಬರೆದು, ನೋಟರಿಯ ಮುದ್ರೆ ಒತ್ತಿಸಿದರೆ ಮುಗಿಯಿತು. ಆ ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು ಮಾಲೀಕರು ಕಂತು ಕಟ್ಟದೆ ಹೋದರೆ ಬ್ಯಾಂಕಿನ ಹಕ್ಕೇ ಮೊದಲು. ನಮ್ಮ ಕಾಗದವನ್ನು ಕೇಳುವವರಿರುವುದಿಲ್ಲ.

ಇದು ನಮ್ಮ ನಾಡಿನ ತೊಂದರೆ ಮಾತ್ರವೆಂದು ಭಾವಿಸಬೇಕಾಗಿಲ್ಲ. ದಕ್ಷಿಣ ಕೊರಿಯಾದಲ್ಲಿ ‘ಜಾನ್ಸೆ’ ಎಂಬ ಹೆಸರಿನಲ್ಲಿ ನಮ್ಮ ಭೋಗ್ಯದಂಥದೇ ಪದ್ಧತಿ ಬಹುಕಾಲದಿಂದ ಇದೆ. ಮನೆಯ ಬೆಲೆಯ ಅರ್ಧಕ್ಕೂ ಮಿಕ್ಕಿದ ಹಣವನ್ನು ಠೇವಣಿಯಾಗಿಟ್ಟು, ಸಾಮಾನ್ಯವಾಗಿ ಎರಡು ವರ್ಷ ಬಾಡಿಗೆಯಿಲ್ಲದೆ ವಾಸಿಸುತ್ತಾರೆ. 2022ರ ಸುಮಾರಿಗೆ ಅಲ್ಲಿ ಮನೆಗಳ ಬೆಲೆ ಕುಸಿದಾಗ, ಹೊಸಬರು ತರುವ ಠೇವಣಿ ಹಳಬರಿಗೆ ಹಿಂದಿರುಗಿಸಲು ಸಾಲದಾಯಿತು. ವಂಚಕರೂ ಬಯಲಿಗೆ ಬಂದರು. ಸಾವಿರಾರು ಕುಟುಂಬಗಳು, ಅದರಲ್ಲೂ ಯುವಜನರು, ಬಾಳಿನ ಉಳಿತಾಯವನ್ನು ಕಳೆದುಕೊಂಡ ಮೇಲೆ 2023ರಲ್ಲಿ ಅಲ್ಲಿನ ಸರ್ಕಾರ ಸಂತ್ರಸ್ತರಿಗಾಗಿ ವಿಶೇಷ ಕಾನೂನನ್ನೇ ತರಬೇಕಾಯಿತು. ಶ್ರೀಮಂತ ದೇಶದಲ್ಲೇ ಹೀಗಾದರೆ ನೋಟರಿಯ ಮುದ್ರೆಯನ್ನು ನಂಬಿದ ನಮ್ಮ ಗತಿಯೇನು?

ಹಾಗಾದರೆ ಹಣವನ್ನು ಎಲ್ಲಿಡಬೇಕು? ಮನೆ ಮಾರಿದ ಹಣಕ್ಕೆ ಬಂಧುಗಳು ಹೆಚ್ಚು. ಕೈಸಾಲ ಕೇಳುವ ಭಾವಮೈದುನ, ಚೀಟಿಗೆ ಸೇರಿಸುವ ಸ್ನೇಹಿತ, ಈಗಲೇ ಒಡವೆ ಮಾಡಿಸಿಬಿಡೋಣವೆನ್ನುವ ಮನೆಯವರು, ಎಲ್ಲರೂ ನ್ಯಾಯವಾದ ಕಾರಣವನ್ನೇ ಹೇಳುತ್ತಾರೆ. ಇಲ್ಲಿ ಆದಾಯ ತೆರಿಗೆ ಕಾನೂನು ಅರಿಯದೆಯೇ ಒಂದು ಉಪಕಾರ ಮಾಡಿದೆ. ಎರಡು ವರ್ಷಕ್ಕೂ ಹೆಚ್ಚು ಕಾಲ ಒಡೆತನದಲ್ಲಿದ್ದ ವಾಸದ ಮನೆಯನ್ನು ಮಾರಿ ಲಾಭ ಬಂದಾಗ, ಮಾರಿದ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ, ಅದಕ್ಕೆ ತೊಡಗಿಸಿದಷ್ಟು ಲಾಭಕ್ಕೆ ತೆರಿಗೆಯಿಲ್ಲ. ಅಷ್ಟರೊಳಗೆ ತೆರಿಗೆ ವಿವರಣೆ ಸಲ್ಲಿಸುವ ಗಡುವು ಬಂದರೆ, ಬಳಕೆಯಾಗದ ಲಾಭದ ಮೊತ್ತವನ್ನು 1988ರ ಬಂಡವಾಳ ಲಾಭ ಖಾತೆ ಯೋಜನೆಯಡಿ ಬ್ಯಾಂಕಿನಲ್ಲಿ ಇಡಬೇಕು. ಈ ಖಾತೆಯನ್ನು ಬ್ಯಾಂಕುಗಳ ಗ್ರಾಮೀಣ ಶಾಖೆಗಳಲ್ಲಿ ತೆರೆಯುವಂತಿಲ್ಲ. ಅಜ್ಜೀಪುರದವರು ಪಟ್ಟಣದ ಶಾಖೆಗೇ ಹೋಗಬೇಕು. ಮನೆಯ ಹೊರತು ಬೇರೆ ಕೆಲಸಕ್ಕೆ ಅದರಿಂದ ತೆಗೆಯುವಂತಿಲ್ಲವಾದ್ದರಿಂದ, ಭಾವಮೈದುನನಿಗೆ ಹೇಳಲು ನಮಗೊಂದು ಸತ್ಯವಾದ ಉತ್ತರವೂ ದೊರೆಯುತ್ತದೆ. ಗಂಡಹೆಂಡಿರು ಕೂಡಿ ಒಂದು ದಿನ ಲೆಕ್ಕ ಪರಿಶೋಧಕರನ್ನು ಕಂಡು ಬರುವುದು ವ್ಯರ್ಥವಲ್ಲ.

ಬಾಡಿಗೆಯ ಕರಾರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಬೇಕಾಗುವುದರಿಂದಲೇ 11 ತಿಂಗಳ ವಾಡಿಕೆ ಬಂದಿದೆ. ನಡುಗಾಲದ ಬಾಡಿಗೆದಾರರು ಒತ್ತಾಯಿಸಿ ಬರೆಸಬೇಕಾದ ಮಾತು ಒಂದೇ: ಒಂದು ತಿಂಗಳು ಮುಂಚೆ ತಿಳಿಸಿ ಅವಧಿಗೆ ಮೊದಲೇ ಹೊರಡುವ ಸ್ವಾತಂತ್ರ್ಯ. ಬಣ್ಣದ ಲೆಕ್ಕದಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಪಟ್ಟಣದ ರೂಢಿ ನಾಲ್ಕೇ ತಿಂಗಳು ಇದ್ದವರಿಗೂ ಅನ್ವಯಿಸುವುದೇ ಎಂಬುದನ್ನು ಮೊದಲೇ ಕೇಳಿಬಿಡಬೇಕು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಕೂಡದೆನ್ನುತ್ತದೆ. ಅದು ಮಾದರಿ ಮಾತ್ರ, ತಾನಾಗಿಯೇ ರಾಜ್ಯಗಳನ್ನು ಬಂಧಿಸುವ ಕಾನೂನಲ್ಲ. ಆದರೂ ಚೌಕಾಸಿಗೆ ಒದಗುತ್ತದೆ.

ಕಾಗದದಲ್ಲಿ ಬರೆಯಲಾಗದ, ಆದರೆ ಕೇಳದೆ ಬಿಡಬಾರದ ಕೆಲವು ಸಂಗತಿಗಳಿವೆ. ಮಾಂಸದ ಅಡುಗೆಗೆ ಮಾಲೀಕರ ಒಪ್ಪಿಗೆಯಿದೆಯೇ? ಕ್ರಿಸ್ತಜಯಂತಿಗೆ ನಕ್ಷತ್ರ ತೂಗಿ ಗೋದಲಿ ಇಟ್ಟರೆ, ವಲಯದ ಜಪಸರಕ್ಕೆ ಹತ್ತು ಮನೆಯವರು ಸೇರಿದರೆ ಅಡ್ಡಿಯಿಲ್ಲವೇ? ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಮನೆಯ ಹಿರಿಯರದು. ಬಾಡಿಗೆ ಮನೆಯಲ್ಲಿ ಸಾವು ಸಂಭವಿಸಿದರೆ ಮೃತದೇಹವನ್ನು ಒಳಗಿಡಲು ಒಪ್ಪದ ಮಾಲೀಕರಿದ್ದಾರೆ. ಎಂಬತ್ತು ದಾಟಿದ ತಾಯಿ ತಂದೆ ಜೊತೆಗಿರುವಾಗ ಈ ಮಾತನ್ನು ಬಾಯಿಬಿಟ್ಟು ಕೇಳುವುದು ನಾಲಿಗೆಗೆ ಭಾರವೇ ಸರಿ. ಆದರೆ ಬೀದಿಯಲ್ಲಿ ಶವಪೆಟ್ಟಿಗೆ ಇಳಿಸಿ ನಿಲ್ಲುವ ಸ್ಥಿತಿಗಿಂತ ಆ ಭಾರ ಕಡಿಮೆ. ಹಿರಿಯರಿಗೆ ಹಳ್ಳಿಯ ಮನೆ ಕೈಬಿಟ್ಟದ್ದೇ ಒಂದು ಸಾವು. ಈ ನಡುಗಾಲದಲ್ಲಿ ತಾವು ಕಣ್ಮುಚ್ಚಿದರೆ ಎಲ್ಲಿಯವರಾಗಿ ಹೋಗುತ್ತೇವೆ ಎಂಬ ಅಳಲು ಅವರದು. ಊರಿನ ಸಮಾಧಿಭೂಮಿಯಲ್ಲೇ ಮಣ್ಣಾಗಬೇಕೆಂಬುದು ಅವರ ಇಚ್ಛೆಯಾದರೆ, ಅದನ್ನು ಊರಿನ ಗುರುಗಳಿಗೆ ಹೊರಡುವ ಮುನ್ನವೇ ತಿಳಿಸಿ ಅವರ ಮಾತನ್ನು ಹಿರಿಯರಿಗೆ ಮುಟ್ಟಿಸಬಹುದು. ಅಷ್ಟರಿಂದಲೇ ಎಷ್ಟೋ ಜೀವಗಳಿಗೆ ನಿದ್ರೆ ಬಂದೀತು.

ಧರ್ಮಕೇಂದ್ರದ ವಿಷಯದಲ್ಲೂ ಅನಗತ್ಯ ಸಂಕೋಚವಿದೆ. ‘ಇದು ತಾತ್ಕಾಲಿಕ ಮನೆ, ಸ್ವಂತ ಮನೆಯಾದ ಮೇಲೆ ಹೆಸರು ಬರೆಸೋಣ’ ಎಂದು ಅನೇಕರು ಎಲ್ಲಿಯೂ ಸೇರದೆ ಉಳಿಯುತ್ತಾರೆ. ಮಕ್ಕಳ ಧರ್ಮೋಪದೇಶ ನಿಲ್ಲುತ್ತದೆ, ಪ್ರಥಮ ಪರಮಪ್ರಸಾದ ಮುಂದಕ್ಕೆ ಹೋಗುತ್ತದೆ. ಧರ್ಮಸಭೆಯ 1983ರ ಕಾನೂನು ಸಂಹಿತೆ ಸ್ವಂತ ಮನೆಯ ಕ್ರಯಪತ್ರವನ್ನು ಕೇಳುವುದಿಲ್ಲ. ಕನಿಷ್ಠ ಮೂರು ತಿಂಗಳು ಇರುವ ಉದ್ದೇಶದಿಂದ ಬಂದು ನೆಲೆಸಿದರೆ, ಇಲ್ಲವೇ ಮೂರು ತಿಂಗಳು ವಾಸ ಪೂರೈಸಿದರೆ, ಆ ಧರ್ಮಕೇಂದ್ರದಲ್ಲಿ ನಮಗೆ ಅರೆನೆಲಸಿನ ಸ್ಥಾನವುಂಟು. ಅಲ್ಲಿನ ಗುರುಗಳು ನಮ್ಮ ಗುರುಗಳೇ. ವಿವಾಹಕ್ಕಾದರೆ ವಧೂವರರಲ್ಲಿ ಒಬ್ಬರು ಒಂದು ತಿಂಗಳು ವಾಸವಿದ್ದ ಧರ್ಮಕೇಂದ್ರವೂ ಆಗಬಹುದು. ಬಾಡಿಗೆ ಮನೆಯನ್ನು ಮಂತ್ರಿಸಬಹುದೇ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಮಂತ್ರಿಸಬಹುದು, ಆಶೀರ್ವಾದ ವಾಸಿಸುವ ಜನರಿಗಲ್ಲವೇ. ಸಂತ ಪೌಲರು ರೋಮಾಪುರಿಯಲ್ಲಿ ಕಾವಲಿನಲ್ಲಿದ್ದ ಎರಡು ವರ್ಷವನ್ನು ಕಳೆದದ್ದು ಬಾಡಿಗೆ ಮನೆಯಲ್ಲೇ, ಬಂದವರನ್ನೆಲ್ಲ ಬರಮಾಡಿಕೊಂಡದ್ದೂ ಅಲ್ಲಿಯೇ ಎಂದು ‘ಪ್ರೇಷಿತರ ಕಾರ್ಯಕಲಾಪಗಳು’ ತಿಳಿಸುತ್ತದೆ.

ಮನೆಯಿದ್ದು ಬಾಡಿಗೆಗೆ ಕೊಡುವ ನಮ್ಮವರಿಗೂ ಒಂದು ಮಾತು. ನಾಲ್ಕೈದು ತಿಂಗಳಿಗಾಗಿ ಕೇಳಿ ಬರುವವರನ್ನು, ‘ವರ್ಷವಿಡೀ ಇರುವವರೇ ಬೇಕು’ ಎಂದು ಹಿಂದಕ್ಕೆ ಕಳುಹಿಸುವುದು ವ್ಯವಹಾರದಲ್ಲಿ ತಪ್ಪಲ್ಲ. ಆದರೆ ಮೇಲಿನ ಅಂತಸ್ತು ಬೀಗ ಹಾಕಿಕೊಂಡು ಬಿದ್ದಿರುವಾಗ, ಊರಿನಿಂದ ಬಂದ ಕುಟುಂಬವೊಂದು ಮಳೆಗಾಲವನ್ನು ಅಲ್ಲಿ ಕಳೆದರೆ ನಷ್ಟವೇನು? ಧರ್ಮಕೇಂದ್ರದ ಸೂಚನಾ ಫಲಕದಲ್ಲಿ ವಿವಾಹ ಘೋಷಣೆಯ ಪಕ್ಕದಲ್ಲಿ ಖಾಲಿ ಮನೆಗಳ ವಿವರಕ್ಕೂ ಒಂದಿಷ್ಟು ಜಾಗ ಸಿಗಬಾರದೇಕೆ?

ಕಡೆಯದಾಗಿ, ಹೊಸ ಮನೆಯ ಬೀಗದ ಕೈ ದೊರೆತ ಸಂಭ್ರಮದಲ್ಲಿ ಬಾಡಿಗೆ ಮನೆಯ ಲೆಕ್ಕವನ್ನು ಮರೆಯಬಾರದು. ಹೊರಡುವ ದಿನ ವಿದ್ಯುತ್ ಮೀಟರಿನ ಅಂಕಿಯನ್ನು ಮಾಲೀಕರ ಎದುರಿನಲ್ಲೇ ಬರೆದುಕೊಂಡು, ಮುಂಗಡವನ್ನು ಪೂರ್ತಿಯಾಗಿ ಎಣಿಸಿಕೊಂಡು, ಕರಾರಿನ ಹಿಂಬದಿಯಲ್ಲಿ ಇಬ್ಬರೂ ಸಹಿ ಹಾಕಿ, ಅನಂತರ ಸಾಮಾನನ್ನು ವಾಹನಕ್ಕೆ ಏರಿಸಬೇಕು.