ಚರಂಡಿಯ ಪ್ರಶ್ನೆಯೂ ಧರ್ಮದ ಪ್ರಶ್ನೆಯೇ

ಹಸಿದವರಿಗೆ ಅನ್ನ, ರೋಗಿಗಳಿಗೆ ಶುಶ್ರೂಷೆ, ನಿರಾಶ್ರಿತರಿಗೆ ಆಸರೆ ನೀಡುವುದು ಕ್ರೈಸ್ತ ಜೀವನದ ಅವಿಭಾಜ್ಯ ಅಂಗವೆಂದು ನಾವೆಲ್ಲರೂ ಬಾಲ್ಯದಲ್ಲಿಯೇ ಧರ್ಮೋಪದೇಶದ ತರಗತಿಗಳಲ್ಲಿ ಕಲಿತಿದ್ದೇವೆ. ಆದರೆ ಪ್ರತಿ ಮಳೆಗಾಲದಲ್ಲಿಯೂ ಅದೇ ಬೀದಿಯ ಅದೇ ಮನೆಗಳಿಗೆ ನೀರು ನುಗ್ಗುತ್ತಿರುವಾಗ, ಅದೇ ಕುಟುಂಬಗಳಿಗೆ ವರ್ಷವರ್ಷವೂ ಕಂಬಳಿ ಹಂಚಿದರೆ ನಮ್ಮ ಕರ್ತವ್ಯ ಮುಗಿಯಿತೇ? ನೀರು ಏಕೆ ನುಗ್ಗುತ್ತದೆ ಎಂದು ವಿಚಾರಿಸುವುದೂ ಪರಪ್ರೇಮದ ಭಾಗವಲ್ಲವೇ? ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಂಡ ಕೆಲವು ಧರ್ಮಕೇಂದ್ರಗಳ ಅನುಭವ ನಮ್ಮ ಮನನಕ್ಕೆ ಯೋಗ್ಯವಾಗಿದೆ.

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿರುವ ಸ್ಯಾನ್ ಆಂಟೋನಿಯೋ ನಗರದ ಪಶ್ಚಿಮ ಭಾಗ ಮೆಕ್ಸಿಕೋ ಮೂಲದ ಕಾರ್ಮಿಕರ ನೆಲೆ. ಅವರಲ್ಲಿ ಬಹುತೇಕರು ಕಥೋಲಿಕರು. ಜೋರು ಮಳೆ ಸುರಿದರೆ ಅಲ್ಲಿಯ ಬೀದಿಗಳು ಹೊಳೆಗಳಾಗುತ್ತಿದ್ದವು. 1970ರ ದಶಕದ ಆರಂಭದಲ್ಲಿ ಅದೇ ಊರಿನವರಾದ ಅರ್ನೆಸ್ಟೋ ಕೋರ್ಟೆಸ್ ಎಂಬ ಯುವಕ ತವರಿಗೆ ಮರಳಿದರು. ಸೌಲ್ ಅಲಿನ್ಸ್ಕಿ 1940ರಲ್ಲಿ ಸ್ಥಾಪಿಸಿದ ಇಂಡಸ್ಟ್ರಿಯಲ್ ಏರಿಯಾಸ್ ಫೌಂಡೇಶನ್ ಎಂಬ ಸಂಸ್ಥೆಯಲ್ಲಿ ಅವರು ಜನಸಂಘಟನೆಯ ತರಬೇತಿ ಪಡೆದಿದ್ದರು. ಯೆಹೂದ್ಯ ಮನೆತನದ ಅಲಿನ್ಸ್ಕಿಯವರು 1939ರಲ್ಲಿ ಷಿಕಾಗೋದ ಕಸಾಯಿಖಾನೆ ಕಾರ್ಮಿಕರ ಬಡಾವಣೆಯಲ್ಲಿ ಮೊದಲ ಸಂಘಟನೆ ಕಟ್ಟಿದಾಗ, ಅವರ ಬೆಂಬಲಕ್ಕೆ ನಿಂತವರು ಅಲ್ಲಿಯ ಸಹಾಯಕ ಧರ್ಮಾಧ್ಯಕ್ಷ ಬರ್ನಾರ್ಡ್ ಶೀಲ್ ಎಂಬುದು ಗಮನಾರ್ಹ.

ಕೋರ್ಟೆಸ್ ಅವರು ವೇದಿಕೆ ಹತ್ತಿ ಭಾಷಣ ಮಾಡಲಿಲ್ಲ. ಮನೆಯಿಂದ ಮನೆಗೆ ಹೋಗಿ ಜನರ ಮಾತಿಗೆ ಕಿವಿಗೊಟ್ಟರು. ಅವರು ಹುಡುಕಿದ್ದು ಹೆಸರುವಾಸಿ ಮುಂದಾಳುಗಳನ್ನಲ್ಲ. ಧರ್ಮಕೇಂದ್ರದ ಹಬ್ಬದ ಜವಾಬ್ದಾರಿ ಹೊರುವ ತಾಯಂದಿರು, ಶಾಲೆಯ ಪಾಲಕರ ಸಂಘದಲ್ಲಿ ದುಡಿಯುವವರು, ನೆರೆಹೊರೆಯವರ ವಿಶ್ವಾಸಕ್ಕೆ ಪಾತ್ರರಾದ ಸಾಮಾನ್ಯರು, ಇವರೇ ಅವರ ಕಣ್ಣಿಗೆ ನಾಯಕರಾಗಿ ಕಂಡರು. ಆ ಜನರ ಬಾಯಲ್ಲಿ ಬಂದದ್ದು ದೊಡ್ಡ ರಾಜಕೀಯ ಸಿದ್ಧಾಂತಗಳಲ್ಲ. ಚರಂಡಿ, ರಸ್ತೆ, ಕಾಲುದಾರಿಗಳ ಮಾತು. ಹೀಗೆ 1974ರಲ್ಲಿ ಧರ್ಮಕೇಂದ್ರಗಳ ಒಕ್ಕೂಟವಾಗಿ 'ಕಾಪ್ಸ್' ಸಂಘಟನೆ ಉದಯಿಸಿತು. ಗುರುಗಳು ಹಾಗೂ ಮಹಾಧರ್ಮಾಧ್ಯಕ್ಷರು ಬೆನ್ನಿಗೆ ನಿಂತರು. ಆದರೆ ಅಧ್ಯಕ್ಷಸ್ಥಾನ ವಹಿಸಿದವರು ಆಂಡ್ರೆಸ್ ಸರಾಬಿಯಾ ಎಂಬ ಶ್ರೀಸಾಮಾನ್ಯರು, ಗುರುಗಳಲ್ಲ.

ಮುಂದಿನ ಹೆಜ್ಜೆ ಅಧ್ಯಯನ. ಈ ಜನರು ನಗರಸಭೆಯ ಹಳೆಯ ಕಡತಗಳನ್ನು ತೆರೆದು ನೋಡಿದಾಗ ಒಂದು ಸತ್ಯ ಬೆಳಕಿಗೆ ಬಂತು: ತಮ್ಮ ಬಡಾವಣೆಯ ಚರಂಡಿಯ ಕಾಮಗಾರಿಗೆ 1945ರಷ್ಟು ಹಿಂದೆಯೇ ಮಂಜೂರಾತಿ ದೊರೆತಿತ್ತು! ಸುಮಾರು 3 ದಶಕ ಅದು ಕಾಗದದ ಮೇಲೆಯೇ ಉಳಿದಿತ್ತು. 1974ರ ನೆರೆಯ ನಂತರ ಅವರು ಗುಂಪುಗುಂಪಾಗಿ ನಗರಸಭೆಗೆ ತೆರಳಿ, ದಾಖಲೆ ಮುಂದಿಟ್ಟು ಉತ್ತರ ಕೇಳಿದರು. ಅದೇ ನವೆಂಬರ್‌ನಲ್ಲಿ ಚರಂಡಿ ಕಾಮಗಾರಿಗಳಿಗಾಗಿ 4 ಕೋಟಿ 68 ಲಕ್ಷ ಡಾಲರ್‌ಗಳ ಸಾಲಪತ್ರ ಯೋಜನೆಗೆ ಮತದಾರರ ಒಪ್ಪಿಗೆ ದೊರೆಯಿತು. ಕೊರತೆಯಾಗಿದ್ದುದು ಯೋಜನೆಯಲ್ಲ, ಅದನ್ನು ಒಕ್ಕೊರಲಿನಿಂದ ಕೇಳುವ ಜನ.

ಎಲ್ಲವೂ ಸೌಮ್ಯವಾಗಿಯೇ ನಡೆಯಿತೆಂದು ಹೇಳಲಾಗದು. 1975ರಲ್ಲಿ ವ್ಯಾಪಾರಿ ಧುರೀಣರು ಮಾತುಕತೆಗೆ ಒಲ್ಲೆವೆಂದಾಗ, ಸದಸ್ಯರು ನಗರದ ದೊಡ್ಡ ಬ್ಯಾಂಕೊಂದರಲ್ಲಿ ಸಾಲುಗಟ್ಟಿ ನಿಂತು, ನೋಟು ಕೊಟ್ಟು ಚಿಲ್ಲರೆ, ಚಿಲ್ಲರೆ ಕೊಟ್ಟು ನೋಟು ಕೇಳುತ್ತ ವ್ಯವಹಾರವನ್ನೇ ನಿಧಾನಗೊಳಿಸಿದರು. ಭಕ್ತರಿಗೆ ಇದು ತರವೇ ಎಂದು ಕೇಳುವವರಿದ್ದಾರೆ. ಕೋಪವೆಲ್ಲವೂ ಪಾಪವಲ್ಲ, ವಿವೇಕಕ್ಕೆ ಅಧೀನವಾದ ಕೋಪ ಶ್ಲಾಘ್ಯವೆಂದು ಸಂತ ತೋಮಾಸ್ ಅಕ್ವಿನಾಸರು ಬೋಧಿಸಿದ್ದಾರೆ. ಹಾನಿ ಮಾಡುವ ಕೋಪ ಬೇರೆ, ಬಾಗಿಲು ತಟ್ಟುವ ಕೋಪ ಬೇರೆ. ಎರಡರ ನಡುವಿನ ಗೆರೆಯನ್ನು ಕಾಯಲು ಶಿಸ್ತು ಬೇಕು, ಪ್ರಾರ್ಥನೆಯೂ ಬೇಕು.

ಈ ಸಂಘಟನೆಯ ಮೂಲಸೂತ್ರವೊಂದಿದೆ: ಜನರು ಸ್ವತಃ ಮಾಡಿಕೊಳ್ಳಬಲ್ಲ ಕೆಲಸವನ್ನು ಅವರ ಪರವಾಗಿ ಬೇರೆಯವರು ಎಂದಿಗೂ ಮಾಡಬಾರದು. ಕೆಳಗಿನ ಸಮುದಾಯ ನಿರ್ವಹಿಸಬಲ್ಲುದನ್ನು ಮೇಲಿನ ಸಂಸ್ಥೆ ಕಸಿದುಕೊಳ್ಳಬಾರದೆಂದು ಹನ್ನೊಂದನೆಯ ಪಿಯೂಸ್ ಜಗದ್ಗುರುಗಳು 1931ರ ವಿಶ್ವಪರಿಪತ್ರದಲ್ಲಿ ಸಾರಿದ ತತ್ತ್ವಕ್ಕೆ ಇದು ಸಮೀಪವಾದುದು. ಇದು ಧರ್ಮಕೇಂದ್ರದ ಗುರುಗಳಾದ ನಮಗೂ ಅನ್ವಯಿಸುತ್ತದೆ. ಅರ್ಜಿ ಬರೆಯುವವರೂ ನಾವೇ, ಅಧಿಕಾರಿಯನ್ನು ಕಾಣುವವರೂ ನಾವೇ ಆದರೆ, ಜನ ಕೃತಜ್ಞರಾಗಿ ಉಳಿಯುತ್ತಾರೆಯೇ ಹೊರತು ಪೌರರಾಗಿ ಬೆಳೆಯುವುದಿಲ್ಲ.

ಕಾಪ್ಸ್ ಯಾವ ಅಭ್ಯರ್ಥಿಯ ಪರವಾಗಿಯೂ ಮತ ಯಾಚಿಸಲಿಲ್ಲ. ಗೆದ್ದವರು ಯಾರೇ ಆಗಲಿ, ಅವರಿಂದ ಲೆಕ್ಕ ಕೇಳಿತು. 1977ರಲ್ಲಿ, ಕೇಂದ್ರ ಸರ್ಕಾರದ ಒತ್ತಡವೂ ಸೇರಿ, ನಗರಸಭೆಗೆ ವಾರ್ಡುವಾರು ಚುನಾವಣೆ ಜಾರಿಗೆ ಬಂದಾಗ ಬಡ ಬಡಾವಣೆಗಳಿಗೆ ತಮ್ಮದೇ ಪ್ರತಿನಿಧಿಗಳು ದೊರೆತರು. 1990ರಲ್ಲಿ ಬಟ್ಟೆ ಕಾರ್ಖಾನೆಯೊಂದು ಮುಚ್ಚಿ ಸುಮಾರು 1000 ಮಂದಿ ಕೆಲಸ ಕಳೆದುಕೊಂಡಾಗ, ಈ ಸಂಘಟನೆಯೇ ಇನ್ನೊಂದರೊಡಗೂಡಿ 'ಪ್ರಾಜೆಕ್ಟ್ ಕ್ವೆಸ್ಟ್' ಎಂಬ ಉದ್ಯೋಗ ತರಬೇತಿಗೆ ನಾಂದಿ ಹಾಡಿತು. ಆ ನಗರದ ಬಡತನ ಇಂದಿಗೂ ಅಳಿದಿಲ್ಲ, ನಿಜ. ಆದರೆ ಬಡವರ ಮೌನ ಅಳಿದಿದೆ.

ನಮ್ಮ ನಾಡಿನ ಪರಿಸ್ಥಿತಿ ಬೇರೆ. ಇಲ್ಲಿ ನಾವು ಅಲ್ಪಸಂಖ್ಯಾತರು, ಒಬ್ಬಂಟಿಯಾಗಿ ಸಂಘಟಿತರಾಗುವುದು ಸಾಧುವೂ ಅಲ್ಲ. ನುಗ್ಗುವ ನೀರು ಮನೆಯವರ ಧರ್ಮ ಕೇಳುವುದಿಲ್ಲ. ಆದುದರಿಂದ ಚರಂಡಿಯ ಮಾತನ್ನು ಪಕ್ಕದ ಮನೆಯ ಹಿಂದೂ, ಮುಸ್ಲಿಂ ಬಂಧುಗಳೊಡನೆಯೇ ಆಡಬೇಕು. 1993ರಲ್ಲಿ ಜಾರಿಗೆ ಬಂದ ಸಂವಿಧಾನ ತಿದ್ದುಪಡಿಗಳು ಗ್ರಾಮಸಭೆಗೂ ವಾರ್ಡ್ ಸಮಿತಿಗೂ ಸ್ಥಾನ ಕಲ್ಪಿಸಿವೆ. 2005ರ ಮಾಹಿತಿ ಹಕ್ಕು ಕಾಯಿದೆ ಕಡತ ತೆರೆಯಿಸುವ ಅಧಿಕಾರವನ್ನು ಪ್ರತಿಯೊಬ್ಬ ನಾಗರಿಕನಿಗೂ ನೀಡಿದೆ. ಸಾಧನಗಳು ನಮ್ಮ ಕೈಯಲ್ಲಿವೆ.

ನೆಹೆಮೀಯನು ಜೆರುಸಲೇಮಿನ ಗೋಡೆಯನ್ನು ಒಬ್ಬನೇ ಕಟ್ಟಲಿಲ್ಲ. ಮೊದಲು ರಾತ್ರಿಯಲ್ಲಿ ಸುತ್ತಿ ಬಿರುಕುಗಳನ್ನು ಕಣ್ಣಾರೆ ಕಂಡನು. ಬಳಿಕ ಅನೇಕರು ತಮ್ಮತಮ್ಮ ಮನೆಯ ಎದುರಿನ ಭಾಗವನ್ನು ತಾವೇ ಜೀರ್ಣೋದ್ಧಾರ ಮಾಡಿದರು. ಮುಂದಿನ ಭಾನುವಾರ ಬಲಿಪೂಜೆಯ ನಂತರ ಚರ್ಚಿನ ಅಂಗಳದಲ್ಲಿ ಹತ್ತು ನಿಮಿಷ ನಿಂತು, ನಮ್ಮ ಬೀದಿಗೆ ಮಂಜೂರಾದುದೇನು, ಆದುದೇನು ಎಂದು ನಾವು ಪರಸ್ಪರ ಕೇಳಿಕೊಳ್ಳೋಣ.